ಸಂಬಳ, ಹಂಬಲ, ನಿಯತ್ತು: ಬೆಂಗಳೂರಿನ ಫುಟ್‌ಬಾಲ್ ಆಟಗಾರರ ವಲಸೆ

ಫುಟ್‌ಬಾಲ್ ಆಟಗಾರನ ದುಡಿಮೆಯ ಆಯಸ್ಸು ಚಿಕ್ಕದು. ಇಪ್ಪತ್ತರ ಆಸುಪಾಸಿನಲ್ಲಿ ದೊಡ್ಡ ಕ್ಲಬ್ಬೊಂದರ ಕಣ್ಣಿಗೆ ಬಿದ್ದವನು ಮೂವತ್ತೈದರ ಹೊತ್ತಿಗೆ ಬೂಟು ಬಿಚ್ಚಿಡುತ್ತಾನೆ. ಮಂಡಿಗೆ ಜೋರಾದ ಒಂದು ಪೆಟ್ಟು ಬಿದ್ದರೆ ಇಪ್ಪತ್ತೈದಕ್ಕೇ ಆಟ ಮುಗಿಯುತ್ತದೆ. ಮೇಷ್ಟರೋ ಗುಮಾಸ್ತರೋ ಮೂವತ್ತೈದು ವರ್ಷ ದುಡಿದು ಕೂಡಿಡುವುದನ್ನು ಅವನು ಹತ್ತು ಹದಿನೈದು ವರ್ಷಗಳಲ್ಲಿ ಕೂಡಿಟ್ಟುಕೊಳ್ಳಬೇಕು. ಈ ಅವಧಿಯಲ್ಲಿ ಒಮ್ಮೆಯೋ ಎರಡು ಬಾರಿಯೋ ದೂರದ ಊರಿನಿಂದ ಕರೆ ಬರುತ್ತದೆ. ಆಗ ಸಂಬಳವೆಷ್ಟು ಎಂಬ ಪ್ರಶ್ನೆ ಮೊದಲು ಏಳುತ್ತದೆ. ಅಲ್ಲಿನ ಆಟ ಎಂಥದು, ಅಲ್ಲಿ ಆಡಿ ತಾನು ಇನ್ನೂ ದೊಡ್ಡ ಆಟಗಾರನಾಗುವೆನೇ ಎಂಬುದು ಅದರ ಬೆನ್ನಿಗೇ ಬರುತ್ತದೆ. ಬಿಟ್ಟುಹೋಗುವ ಕ್ಲಬ್ಬಿನ ಋಣ ಎಷ್ಟಿದೆ ಎಂಬುದು ಕೊನೆಗೆ ಏಳುವ ಪ್ರಶ್ನೆ. ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯುವುದೂ ಅದೇ.

ಈ ಪ್ರಶ್ನೆಗಳು ಈಚೆಗೆ ಜಗತ್ತಿನ ಬಾಯಿಗೆ ಬಿದ್ದದ್ದು ಸೌದಿ ಅರೇಬಿಯಾದಿಂದ. 2022ರ ಡಿಸೆಂಬರ್ ಕೊನೆಯಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊ ರಿಯಾದಿನ ಅಲ್ ನಸ್ರ್ ಕ್ಲಬ್ಬಿಗೆ ಸಹಿ ಹಾಕಿದರು. ಮುಂದಿನ ಜೂನ್‌ನಲ್ಲಿ ಆ ದೇಶದ ಸರ್ಕಾರಿ ಹೂಡಿಕೆ ನಿಧಿ ಅಲ್ ನಸ್ರ್, ಅಲ್ ಹಿಲಾಲ್, ಅಲ್ ಇತ್ತಿಹಾದ್, ಅಲ್ ಅಹ್ಲಿ ಎಂಬ 4 ಕ್ಲಬ್ಬುಗಳಲ್ಲಿ ಶೇ 75ರಷ್ಟು ಪಾಲು ತೆಗೆದುಕೊಂಡಿತು. ಬೆಂಜೆಮಾ ಹೋದರು, ನೇಮಾರ್ ಹೋದರು. ಫ್ರಾನ್ಸಿನ ಕಿಲಿಯನ್ ಎಂಬಾಪೆಗಾಗಿ ಅಲ್ ಹಿಲಾಲ್ 30 ಕೋಟಿ ಯೂರೊ ಕೊಡಲು ಮುಂದಾಯಿತು. 24 ವರ್ಷದ ಆ ಆಟಗಾರ ಮಾತುಕತೆಗೂ ಕೂರಲಿಲ್ಲ. ಒಂದು ವರ್ಷ ಕಾದು ರಿಯಲ್ ಮ್ಯಾಡ್ರಿಡ್ ಸೇರಿದರು. ಲಿವರ್‌ಪೂಲ್ ತಂಡದ ನಾಯಕರಾಗಿದ್ದ ಜೋರ್ಡನ್ ಹೆಂಡರ್ಸನ್ 2023ರ ಜುಲೈನಲ್ಲಿ ಸೌದಿಯ ಅಲ್ ಇತ್ತಿಫಾಕ್ ಕ್ಲಬ್ಬಿಗೆ ಹೋಗಿ ಆರೇ ತಿಂಗಳಲ್ಲಿ ಆಮ್‌ಸ್ಟರ್‌ಡಾಮಿನ ಅಯಾಕ್ಸ್ ಸೇರಿ ಯುರೋಪಿಗೆ ಮರಳಿದರು.

ಅದೇ ರಿಯಾದಿನಲ್ಲಿ, ರೊನಾಲ್ಡೊ ಬಂದಿಳಿದ ಎರಡೇ ತಿಂಗಳಿಗೆ, ಕರ್ನಾಟಕದ ಹುಡುಗರು ಒಂದು ದೊಡ್ಡ ಪಂದ್ಯ ಆಡಿದರು. 2023ರ ಮಾರ್ಚ್ 4ರಂದು ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿಯ ಫೈನಲ್ ನಡೆಯಿತು. ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ರಾಜ್ಯಕ್ಕೆ ಈ ಟ್ರೋಫಿ ಹಿಂದೆ ಸಿಕ್ಕಿದ್ದು 1968-69ರಲ್ಲಿ, ಮೈಸೂರು ರಾಜ್ಯವೆಂಬ ಹೆಸರಿದ್ದಾಗ. ಗೆದ್ದು ಬಂದವರ ಹೆಸರು ಹಾಸನ ಸೀಮೆಯ ಕ್ರೀಡಾಭಿಮಾನಿಗಳಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ, ರೊನಾಲ್ಡೊನ ಹೆಸರು ಪ್ರಾಥಮಿಕ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ದುಡ್ಡು, ಆಟದ ಆಸೆ, ಊರಿನ ಋಣ ಇವುಗಳ ನಡುವಿನ ತೂಗಾಟ ಈ ನಾಡಿಗೆ ಟಿವಿಯಲ್ಲಿ ಬಂದದ್ದಲ್ಲ. ಬೆಂಗಳೂರಿನ ದಂಡುಪ್ರದೇಶದಲ್ಲಿ ಅದಕ್ಕೆ ತೊಂಬತ್ತು ವರ್ಷಗಳ ಚರಿತ್ರೆಯಿದೆ.

ಬೆಂಗಳೂರಿನಲ್ಲಿ ಫುಟ್‌ಬಾಲ್ ಬೇರು ಬಿಟ್ಟದ್ದು ಬ್ರಿಟಿಷ್ ಪಟಾಲಮ್ಮುಗಳ ಪಕ್ಕದಲ್ಲಿ. ಹಲಸೂರು, ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್ ಮೊದಲಾದ ಕಡೆಗಳಲ್ಲಿ ಸೈನಿಕರ ಆಟ ನೋಡುತ್ತಲೇ ಸ್ಥಳೀಯ ಹುಡುಗರು ಬರಿಗಾಲಲ್ಲಿ ಚೆಂಡು ಒದ್ದು ಕಲಿತರು. ಅವರಲ್ಲಿ ತಮಿಳು ಮಾತಾಡುವ ಕೂಲಿಕಾರರ ಮಕ್ಕಳಿದ್ದರು, ಉರ್ದು ಮಾತಾಡುವ ಮುಸ್ಲಿಂ ಮನೆಗಳ ಹುಡುಗರಿದ್ದರು, ಆಂಗ್ಲೋ ಇಂಡಿಯನ್ನರಿದ್ದರು, ಕನ್ನಡಿಗರಿದ್ದರು. ಗೌತಮಪುರದಲ್ಲಿ ಇಂದಿಗೂ ಬ್ರೆಜಿಲಿನ ಪೆಲೆಯ ಪ್ರತಿಮೆ ನಿಂತಿದೆ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಸೈನ್ಯದ ತಂಡಗಳೇ ಆಳುತ್ತಿದ್ದ ಆ ಪಂದ್ಯಾವಳಿಯನ್ನು ಭಾರತೀಯ ನಾಗರಿಕರ ತಂಡವೊಂದು ಗೆದ್ದದ್ದು ಅದೇ ಮೊದಲು. ಮರುವರ್ಷವೂ ಕಪ್ ಅವರದೇ ಆಯಿತು. ಮೈಸೂರು ರಾಜ್ಯದ ತಂಡ 1946-47ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು, 1952-53ರಲ್ಲಿ ಮತ್ತೆ ಗೆದ್ದಿತು.

ಇಷ್ಟು ಒಳ್ಳೆಯ ಆಟವಿದ್ದ ಊರಿನಲ್ಲಿ ಆಟಕ್ಕೆ ತಕ್ಕ ಹಣವಿರಲಿಲ್ಲ. ಹಣವೂ ಜನವೂ ಇದ್ದದ್ದು ಕಲ್ಕತ್ತಾದಲ್ಲಿ. ಅಲ್ಲಿನ ಮೈದಾನದಲ್ಲಿ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮಡನ್ ಸ್ಪೋರ್ಟಿಂಗ್ ಎಂಬ ಮೂರು ಕ್ಲಬ್ಬುಗಳ ಸುತ್ತ ಲಕ್ಷಾಂತರ ಜನರ ಬದುಕೇ ಹೆಣೆದುಕೊಂಡಿತ್ತು. ಮೊಹಮಡನ್ ಸ್ಪೋರ್ಟಿಂಗ್ 1934ರಿಂದ 1938ರವರೆಗೆ ಸತತ 5 ವರ್ಷ ಕಲ್ಕತ್ತಾ ಲೀಗ್ ಗೆದ್ದದ್ದು ದೇಶದ ಮೂಲೆಮೂಲೆಯಿಂದ ಆರಿಸಿ ತಂದ ಆಟಗಾರರ ಬಲದಿಂದ. ಆ ಆರಿಸಿದವರಲ್ಲಿ ಬೆಂಗಳೂರಿನವರೂ ಇದ್ದರು. ಬೆಂಗಳೂರಿನಿಂದ ರೈಲು ಹತ್ತಿ, ಮದರಾಸಿನಲ್ಲಿ ಗಾಡಿ ಬದಲಿಸಿ ಹೌರಾದಲ್ಲಿ ಇಳಿಯುವ ಆಟಗಾರರ ಸಾಲು ಅಲ್ಲಿಂದ ಶುರುವಾಗಿ ಅರವತ್ತು ವರ್ಷ ನಿಲ್ಲಲಿಲ್ಲ. ಭಾಷೆ ಬೇರೆ, ಊಟ ಬೇರೆ, ಹವೆ ಬೇರೆ. ಬೆಂಗಳೂರಿನ ಹುಡುಗನಿಗೆ ಕಲ್ಕತ್ತಾ ಅಂದಿನ ಕಾಲಕ್ಕೆ ಪರದೇಶವೇ.

ಆ ಸಾಲಿನಲ್ಲಿ ಎತ್ತರದ ಹೆಸರು ಅಹ್ಮದ್ ಖಾನ್ ಅವರದು. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿದ್ದರು. ಆ ತಂಡದ ಬಹುಪಾಲು ಆಟಗಾರರು ಬರಿಗಾಲಲ್ಲಿ ಆಡಿದರು. ಫ್ರಾನ್ಸ್ ವಿರುದ್ಧ ಎರಡು ಪೆನಾಲ್ಟಿ ಕೈತಪ್ಪಿ ಭಾರತ 1-2ರಿಂದ ಸೋತಿತು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಇನ್ನೊಬ್ಬರು, ಸಾರಂಗಪಾಣಿ ರಾಮನ್. ಮರುವರ್ಷ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿದರು. ಬೆಂಗಳೂರಿನವರೇ ಆದ ಧನರಾಜ್, ಅವರೊಡನೆ ಅಪ್ಪಾರಾವ್, ಸಾಲೆ, ವೆಂಕಟೇಶ್ ಸೇರಿ ಮುನ್ನುಗ್ಗಿ ಆಡುವ ಐವರ ಸಾಲು ಸಿದ್ಧವಾಯಿತು. ಕಲ್ಕತ್ತಾದ ಜನ ಅದಕ್ಕೆ ಪಂಚಪಾಂಡವರು ಎಂದು ಹೆಸರಿಟ್ಟರು. 1949, 1950, 1951 ಈ ಮೂರೂ ವರ್ಷ ಕಲ್ಕತ್ತಾದ ಹೆಸರಾಂತ ಪಂದ್ಯಾವಳಿಯಾದ ಐಎಫ್‌ಎ ಶೀಲ್ಡ್ ಈಸ್ಟ್ ಬೆಂಗಾಲಿನದಾಯಿತು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅಹ್ಮದ್ ಖಾನ್ ಇದ್ದರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಭಾರತವನ್ನು 10-1ರಿಂದ ಸೋಲಿಸಿದಾಗ ಆ ಒಂದು ಗೋಲು ಅವರ ಕಾಲಿನದು.

ಈ ವಲಸೆಯಲ್ಲಿ ಗೋಲುಗಳಿಗಿಂತ ದೊಡ್ಡದಾದ ಒಂದು ಸಂಗತಿಯಿದೆ. 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ಕ್ಲಬ್ಬು ಪದ್ಮಾ ನದಿಯ ಆಚೆಯಿಂದ ಬಂದು ಕಲ್ಕತ್ತಾದಲ್ಲಿ ನೆಲೆಸಿದವರ ಕ್ಲಬ್ಬು. ದೇಶ ಎರಡಾದಾಗ ಮನೆ, ಹೊಲ, ಊರು ಎಲ್ಲವನ್ನೂ ಬಿಟ್ಟು ಬಂದ ನಿರಾಶ್ರಿತರಿಗೆ ಕೆಂಪು-ಹಳದಿ ಅಂಗಿಯ ಆ ಕ್ಲಬ್ಬೇ ಉಳಿದ ಊರಾಯಿತು. ಅವರಲ್ಲಿ ಹೆಚ್ಚಿನವರು ಹಿಂದೂಗಳು. ವಿಭಜನೆಯ ಗಾಯ ಹಸಿಯಾಗಿದ್ದಾಗಲೇ, ಬಂಗಾಳಿ ತಾಯ್ನುಡಿಯಲ್ಲದ ಬೆಂಗಳೂರಿನ ಮುಸಲ್ಮಾನ ಆಟಗಾರನನ್ನು ಅವರು ತಮ್ಮ ಮನೆಮಗನೆಂದು ಎತ್ತಿಕೊಂಡರು. ಅಹ್ಮದ್ ಖಾನ್ ಹತ್ತು ವರ್ಷ, 1959ರವರೆಗೆ, ಆ ಕ್ಲಬ್ಬನ್ನು ಬಿಟ್ಟು ಕದಲಲಿಲ್ಲ. ಊರು ಬಿಟ್ಟು ಹೋದವನು ಹೋದ ಕಡೆ ನಿಯತ್ತಿನ ಮಾದರಿಯಾದ ಬಗೆ ಇದು. ಊರು ಬಿಡುವುದನ್ನೇ ನಿಯತ್ತಿಗೆ ವಿರುದ್ಧವೆಂದು ಎಣಿಸುವವರು ಈ ಹತ್ತು ವರ್ಷಗಳನ್ನು ನೋಡಬೇಕು. ಆಟ ಮುಗಿದ ಮೇಲೆ ಅವರು ಬೆಂಗಳೂರಿಗೆ ಮರಳಿದರು. 2017ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತು ವರ್ಷ.

ಅವರ ಹಿಂದೆ ಇನ್ನೂ ಹಲವರು ನಡೆದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೇರಿದ ಭಾರತ ತಂಡದ ಕೆಂಪಯ್ಯ ಮೋಹನ್ ಬಾಗಾನಿನ ಕಂಬವಾಗಿ ನಿಂತರು. 1962ರಲ್ಲಿ ಜಕಾರ್ತಾದಲ್ಲಿ ಏಷ್ಯನ್ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಕೂಡ ಬೆಂಗಳೂರಿನಿಂದ ಮೋಹನ್ ಬಾಗಾನಿಗೆ ಹೋದವರೇ.

ಹೋಗದೆ ಉಳಿದವರೂ ಇದ್ದರು, ಅವರ ಲೆಕ್ಕಾಚಾರ ಬೇರೆ. ಆ ಕಾಲದಲ್ಲಿ ಭಾರತದ ಫುಟ್‌ಬಾಲ್ ಕಾಗದದ ಮೇಲೆ ಹವ್ಯಾಸಿ ಆಟ. ಆಟಕ್ಕೆಂದು ಬಹಿರಂಗವಾಗಿ ಸಂಬಳ ಕೊಡುವಂತಿರಲಿಲ್ಲ. ಬೆಂಗಳೂರು ಇದಕ್ಕೆ ಕಂಡುಕೊಂಡ ದಾರಿ ನೌಕರಿ. ಎಚ್‌ಎಎಲ್, ಐಟಿಐ, ಬಿಇಎಂಎಲ್‌ನಂಥ ಕಾರ್ಖಾನೆಗಳು, ಮದ್ರಾಸ್ ಎಂಜಿನಿಯರ್ ಗ್ರೂಪಿನಂಥ ಸೇನಾ ಘಟಕಗಳು ತಂಡ ಕಟ್ಟಿ ಆಟಗಾರರನ್ನು ಕೆಲಸಕ್ಕೆ ಸೇರಿಸಿಕೊಂಡವು. ಬೆಳಿಗ್ಗೆ ಅಭ್ಯಾಸ, ಆಮೇಲೆ ಹಾಜರಿ ಪುಸ್ತಕಕ್ಕೆ ಸಹಿ, ಸಂಜೆ ಲೀಗ್ ಪಂದ್ಯ. ಕಾಲು ಮುರಿದರೂ ಸಂಬಳ ನಿಲ್ಲದು. ನಿವೃತ್ತಿಯವರೆಗೆ ಕೆಲಸವಿದೆ, ಕ್ವಾರ್ಟರ್ಸ್ ಇದೆ, ಮನೆಮಂದಿಗೆ ಆಸ್ಪತ್ರೆಯಿದೆ. ಕಲ್ಕತ್ತಾ ಕೊಡುತ್ತಿದ್ದುದು ಕೈಗೆ ನಗದು, ಕಿವಿ ತುಂಬ ಚಪ್ಪಾಳೆ, ಭಾರತ ತಂಡದ ಬಾಗಿಲು. ಅದೂ ಕಾಲು ಗಟ್ಟಿಯಿರುವವರೆಗೆ ಮಾತ್ರ. ಸಾಧಾರಣ ಮನೆಯ ಹುಡುಗನಿಗೆ ಕಾರ್ಖಾನೆಯ ಕಾಯಂ ಆದೇಶವನ್ನು ಬದಿಗಿಟ್ಟು ಹೌರಾದ ರೈಲು ಹತ್ತುವುದು ಸಣ್ಣ ಧೈರ್ಯವಲ್ಲ.

ಈ ಘಟ್ಟದ ವಿಶೇಷವೆಂದರೆ ಕಲ್ಕತ್ತಾದ ತಟ್ಟೆಯಲ್ಲಿ ಹಣವೂ ಇತ್ತು, ಆಟದ ಹಂಬಲವೂ ಇತ್ತು. ಎರಡೂ ಒಂದೇ ಕಡೆ ತೂಗುತ್ತಿದ್ದವು. ಎದುರು ತಟ್ಟೆಯಲ್ಲಿದ್ದದ್ದು ಭದ್ರತೆ ಮತ್ತು ಮನೆ. ಆದ್ದರಿಂದ ಹೋದವರನ್ನು ದುಡ್ಡಿಗಾಗಿ ಹೋದರೋ ಆಟಕ್ಕಾಗಿ ಹೋದರೋ ಎಂದು ಬೇರ್ಪಡಿಸಲು ಬರುವುದಿಲ್ಲ, ಬೇರ್ಪಡಿಸುವ ಅಗತ್ಯವೂ ಇಲ್ಲ.

ಕಲ್ಕತ್ತಾದಲ್ಲಿ ಆಟಗಾರರು ಕ್ಲಬ್ಬು ಬದಲಿಸುವ ಋತುವಿಗೆ ದಲ್‌ಬದಲ್ ಎಂದೇ ಹೆಸರು. ರಾಜಕೀಯದ ಪಕ್ಷಾಂತರಕ್ಕೂ ಬಂಗಾಳಿಯಲ್ಲಿ ಅದೇ ಮಾತು. ಒಂದು ಕ್ಲಬ್ಬಿನವರು ಬೇಕಾದ ಆಟಗಾರನನ್ನು ಸಹಿಯ ದಿನದವರೆಗೂ ಎದುರಾಳಿಗಳ ಕಣ್ಣಿಗೆ ಬೀಳದಂತೆ ಬಚ್ಚಿಡುತ್ತಿದ್ದದ್ದು ಅಲ್ಲಿ ಮನೆಮಾತು. ಕೊಡುವ ಮೊತ್ತ ಗುಟ್ಟಾಗಿರುತ್ತಿತ್ತು. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ಜಾತ್ರೆಯಲ್ಲಿ ಜೋಡೆತ್ತಿನ ವ್ಯಾಪಾರ ಕಂಡವರಿಗೆ ಈ ಗುಟ್ಟಿನ ಬಗೆ ಸುಲಭವಾಗಿ ಅರ್ಥವಾಗುತ್ತದೆ. ಅಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರುತ್ತದೆ, ಸುತ್ತ ನಿಂತವರಿಗೆ ಮುಖದ ಭಾವವಷ್ಟೇ ಕಾಣುತ್ತದೆ. ಆಟಗಾರನ ಬೆಲೆಯೂ ಹಾಗೆ ಮರೆಯಲ್ಲಿ ನಿರ್ಧಾರವಾದಾಗ ನಷ್ಟವಾಗುವುದು ಅವನಿಗೇ. ಬಾಯಿಮಾತಿನ ಮೊತ್ತ ಕೈಗೆ ಬಾರದಿದ್ದರೆ ಕೇಳಲು ಕಾಗದವಿಲ್ಲ. ಕೇಳಿದರೆ ಹವ್ಯಾಸಿಗೆ ದುಡ್ಡಿನ ಮಾತೇಕೆ ಎಂಬ ಆಕ್ಷೇಪ. ಹವ್ಯಾಸಿ ಎಂಬ ಗೌರವದ ಪದ ಆಟಗಾರರಿಗೆ ಮಾಡಿದ ಅನ್ಯಾಯ ಬಹಳ ದೊಡ್ಡದು.

ಅಹ್ಮದ್ ಖಾನ್ ಕಲ್ಕತ್ತಾಕ್ಕೆ ಹೋದ 1949ರಲ್ಲೇ ಭೂಮಿಯ ಆಚೆ ಬದಿಯಲ್ಲಿ ಇಂಥದೇ ಇನ್ನೊಂದು ವಲಸೆ ನಡೆಯುತ್ತಿತ್ತು. ಕೊಲಂಬಿಯಾದ ಲೀಗು ಅಂತರರಾಷ್ಟ್ರೀಯ ಸಂಸ್ಥೆಯಾದ ಫಿಫಾದ ಹಿಡಿತದಿಂದ ಹೊರಗೆ ನಿಂತು, ಯಾವ ಕ್ಲಬ್ಬಿಗೂ ವರ್ಗಾವಣೆಯ ಹಣ ಕೊಡದೆ, ಆಟಗಾರರಿಗೇ ನೇರವಾಗಿ ಭಾರಿ ಸಂಬಳ ಕೊಟ್ಟು ಕರೆಸಿಕೊಂಡಿತು. ಅರ್ಜೆಂಟೀನಾದ ಆಲ್‌ಫ್ರೆಡೊ ಡಿ ಸ್ಟೆಫಾನೊ ಹಾಗೆ ಹೋದವರಲ್ಲಿ ಒಬ್ಬರು. ಇಂಗ್ಲೆಂಡ್ ತಂಡದ ಆಧಾರವಾಗಿದ್ದ ನೀಲ್ ಫ್ರ್ಯಾಂಕ್ಲಿನ್ 1950ರಲ್ಲಿ ವಿಶ್ವಕಪ್ ಬಿಟ್ಟು ಬೊಗೊಟಾಕ್ಕೆ ಹೋದರು. ಇಂಗ್ಲೆಂಡಿನಲ್ಲಿ ಆಗ ಎಂಥ ಆಟಗಾರನಿಗೂ ವಾರಕ್ಕೆ 12 ಪೌಂಡಿಗಿಂತ ಹೆಚ್ಚು ಕೊಡುವಂತಿರಲಿಲ್ಲ. ಫ್ರ್ಯಾಂಕ್ಲಿನ್‌ಗೆ ಅಲ್ಲಿ ಒಗ್ಗಲಿಲ್ಲ. ಕೆಲವೇ ವಾರಗಳಲ್ಲಿ ವಾಪಸಾದರು. ಬಂದ ಮೇಲೆ ಅಮಾನತು. ಇಂಗ್ಲೆಂಡ್ ತಂಡಕ್ಕೆ ಮತ್ತೆಂದೂ ಆಡಲಿಲ್ಲ. ಅವರನ್ನು ದುರಾಸೆಯವರೆಂದು ದೂರಿದವರಲ್ಲಿ ಆ 12 ಪೌಂಡಿನ ಮಿತಿಯನ್ನು ಅನ್ಯಾಯವೆಂದವರು ಕಡಿಮೆ.

ಆ ಮಿತಿ ಬಿದ್ದದ್ದು 1961ರ ಜನವರಿಯಲ್ಲಿ, ಆಟಗಾರರ ಸಂಘ ಮುಷ್ಕರಕ್ಕೆ ಸಿದ್ಧವಾದ ಮೇಲೆ. ಇನ್ನೊಂದು ಕಟ್ಟು ಅದಕ್ಕಿಂತ ಬಿಗಿಯಾಗಿತ್ತು. ಒಪ್ಪಂದ ಮುಗಿದರೂ ಆಟಗಾರನನ್ನು ಬೇರೆಡೆ ಹೋಗಗೊಡದೆ ಇಟ್ಟುಕೊಳ್ಳುವ ಹಕ್ಕು ಕ್ಲಬ್ಬಿಗಿತ್ತು. ಸಾಲ ತೀರಿದ ಮೇಲೂ ಒಡೆಯನ ಮನೆಯಂಗಳ ಬಿಡಲಾಗದ ಜೀತದಾಳಿನ ನೆನಪು ತರುವ ಕ್ರಮ ಅದು. ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಆಟಗಾರ ನ್ಯೂಕ್ಯಾಸಲ್ ಕ್ಲಬ್ಬಿನ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ 1963ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಅದನ್ನು ಅಸಮಂಜಸವೆಂದು ಹೇಳಿತು. ಬೆಲ್ಜಿಯಮ್ಮಿನ ಝಾನ್-ಮಾರ್ಕ್ ಬೊಸ್ಮಾನ್ ಪ್ರಕರಣದಲ್ಲಿ 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಕೊಟ್ಟ ತೀರ್ಪು ಆ ಬಾಗಿಲನ್ನು ಪೂರ್ತಿ ತೆರೆಯಿತು: ಒಪ್ಪಂದ ಮುಗಿದ ಆಟಗಾರ ಹಣದ ಹಂಗಿಲ್ಲದೆ ತನಗೆ ಬೇಕಾದಲ್ಲಿಗೆ ಹೋಗಬಹುದು. ನಿಯತ್ತಿನ ಮಾತು ಅರ್ಥ ಪಡೆದದ್ದೇ ಇಲ್ಲಿಂದ. ಹೋಗಲು ಬಾಗಿಲಿಲ್ಲದವನು ಉಳಿದರೆ ಅದು ನಿಯತ್ತಲ್ಲ. ರೋಮ್ ನಗರದ ಫ್ರಾಂಚೆಸ್ಕೊ ಟೊಟ್ಟಿ ಬಾಗಿಲು ತೆರೆದಿದ್ದ ಕಾಲದಲ್ಲಿ, ರಿಯಲ್ ಮ್ಯಾಡ್ರಿಡ್ ಕರೆದರೂ ಹೋಗದೆ, 2017ರವರೆಗೆ ಇಪ್ಪತ್ತೈದು ಋತು ಒಂದೇ ಕ್ಲಬ್ಬಿಗೆ ಆಡಿದರು. ಆ ದೀರ್ಘಕಾಲದಲ್ಲಿ ಅವರಿಗೆ ಸಿಕ್ಕ ಇಟಲಿಯ ಲೀಗ್ ಪ್ರಶಸ್ತಿ ಒಂದೇ ಒಂದು, 2000-01ರದು. ಇಂಥ ಆಟಗಾರನನ್ನು ಇಟಲಿಯಲ್ಲಿ ಬಾವುಟ ಎಂದು ಕರೆಯುತ್ತಾರೆ.

ಭಾರತದಲ್ಲಿ ರಾಷ್ಟ್ರೀಯ ಲೀಗ್ 1996ರಲ್ಲಿ ಶುರುವಾದ ಮೇಲೆ ಹಣ ಮರೆಯಿಂದ ಬಯಲಿಗೆ ಬಂತು. ಆ ಬದಲಾವಣೆಯ ಸಿಹಿ ಕಹಿ ಎರಡನ್ನೂ ಉಂಡವರು ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್. 1971ರಲ್ಲಿ ಹುಟ್ಟಿ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿ 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಆ ವರ್ಷವೇ ಇರಾಕಿನ ಅಲ್ ಜವ್ರಾ ತಂಡವನ್ನು ಏಷ್ಯಾದ ಪಂದ್ಯಾವಳಿಯಲ್ಲಿ 6-2ರಿಂದ ಮಣಿಸಿದಾಗ ಮೂರು ಗೋಲು ಅವರವು. 1995ರಲ್ಲಿ ಪಂಜಾಬಿನ ಜೆಸಿಟಿಗೆ ಹೋದರು. ಮೊದಲ ರಾಷ್ಟ್ರೀಯ ಲೀಗು ಆ ತಂಡದ ಪಾಲಾಯಿತು. 1997ರಲ್ಲಿ ಕೇರಳದಲ್ಲಿ ಎಫ್‌ಸಿ ಕೊಚ್ಚಿನ್ ಹುಟ್ಟಿತು. ಪೂರ್ಣ ವೃತ್ತಿಪರ ಕ್ಲಬ್ಬೆಂದು ಸಾರಿಕೊಂಡು, ದೊಡ್ಡ ಮೊತ್ತ ಕೊಟ್ಟು, ಐ.ಎಂ. ವಿಜಯನ್ ಅವರಂಥ ಹೆಸರುವಾಸಿಗಳನ್ನು ಕಲೆಹಾಕಿತು; ಚಾಪ್‌ಮನ್ ಕೂಡ ಹೋದರು. ಆ ವರ್ಷವೇ ಡ್ಯುರಾಂಡ್ ಕಪ್ ಗೆದ್ದ ಕ್ಲಬ್ಬು ಐದಾರು ವರ್ಷಗಳಲ್ಲಿ ಸಂಬಳ ಕೊಡಲಾಗದೆ ಕರಗಿಹೋಯಿತು. ಚಾಪ್‌ಮನ್ ಅದಕ್ಕೆ ಮೊದಲೇ, 1998ರಲ್ಲಿ, ಈಸ್ಟ್ ಬೆಂಗಾಲಿಗೆ ವಾಪಸಾಗಿದ್ದರು. ಹಳೆಯ ಕ್ಲಬ್ಬು ಹೋದವನೆಂದು ದೂರವಿಡಲಿಲ್ಲ. ನಾಯಕನ ಪಟ್ಟಿ ತೋಳಿಗೆ ಕಟ್ಟಿತು. 2000-01ರಲ್ಲಿ ಅವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ಮೊದಲ ಬಾರಿ ರಾಷ್ಟ್ರೀಯ ಲೀಗ್ ಗೆದ್ದಿತು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ, ಅವರು ತೀರಿಕೊಂಡದ್ದು ಕನ್ನಡನಾಡಿನ ಫುಟ್‌ಬಾಲಿಗೆ ತುಂಬಲಾರದ ನಷ್ಟ.

ಕೊಚ್ಚಿನ್‌ನ ಕಥೆ ಬೇರೆ ದೇಶಗಳಲ್ಲೂ ನಡೆದಿದೆ. ಚೀನಾದ ಜಿಯಾಂಗ್ಸು ಕ್ಲಬ್ಬು 2020ರಲ್ಲಿ ಲೀಗ್ ಗೆದ್ದು ಮರುವರ್ಷ ಫೆಬ್ರುವರಿಯಲ್ಲೇ ಬಾಗಿಲು ಹಾಕಿತು. ಅದೇ ಚೀನಾದ ಶಾಂಘೈಗೆ 25ನೇ ವಯಸ್ಸಿನಲ್ಲಿ ಹೋದ ಬ್ರೆಜಿಲಿನ ಆಸ್ಕರ್ ಎಂಟು ವರ್ಷ ಉಳಿದು ಮೂರು ಲೀಗ್ ಗೆದ್ದರು. ಬ್ರೆಜಿಲ್ ತಂಡದ ಬಾಗಿಲು ಮಾತ್ರ ಅವರಿಗೆ ಮತ್ತೆ ತೆರೆಯಲಿಲ್ಲ. ಹಣ ಕೊಟ್ಟವರು ಬದಲಿಗೆ ಏನನ್ನು ತೆಗೆದುಕೊಂಡರೆಂಬುದು ಹಲವು ವೇಳೆ ವರ್ಷಗಳು ಕಳೆದ ಮೇಲೆ ತಿಳಿಯುತ್ತದೆ.

ಭಾರತದ ಆಟಗಾರ ವಿದೇಶಕ್ಕೆ ಹೋಗುವ ಮಾತು ಬಂದಾಗ ತಕ್ಕಡಿ ತಿರುಗಿ ನಿಲ್ಲುತ್ತದೆ. ಯುರೋಪಿನವನಿಗೆ ಸಂಬಳ ಹೊರಗೆ, ಆಟ ಮನೆಯಲ್ಲಿ. ಭಾರತದವನಿಗೆ ಆಟ ಹೊರಗೆ, ಸಂಬಳ ಮನೆಯಲ್ಲಿ. ಇಂಡಿಯನ್ ಸೂಪರ್ ಲೀಗ್ 2014ರಲ್ಲಿ ಶುರುವಾದ ಮೇಲೆ ದೇಶದ ಮೇಲ್ದರ್ಜೆಯ ಆಟಗಾರರಿಗೆ ಇಲ್ಲಿ ಸಿಗುವ ಹಣವನ್ನು ಯುರೋಪಿನ ಸಣ್ಣ ಕ್ಲಬ್ಬುಗಳು ಕೊಡುವುದು ಅಪರೂಪ. ಅಲ್ಲಿಗೆ ಹೋಗುವುದೆಂದರೆ ಸಂಬಳ ಇಳಿಸಿಕೊಂಡು, ಬೆಂಚಿನ ಮೇಲೆ ಕೂರಲು ಸಿದ್ಧನಾಗಿ, ಚಳಿಯಲ್ಲಿ ಒಂಟಿಯಾಗಿ ಕಲಿಯುವುದು. ದುಡ್ಡಿಗಾಗಿ ದೇಶ ಬಿಟ್ಟ ಎಂಬ ಮಾತು ಇಲ್ಲಿನ ಆಟಗಾರನಿಗೆ ಹೊಂದುವುದಿಲ್ಲ. ದುಡ್ಡಿಗಾಗಿ ದೇಶದಲ್ಲೇ ಉಳಿದ ಎಂಬುದೇ ಅವನ ಮೇಲೆ ಬರಬಹುದಾದ ಆರೋಪ.

ಮೊದಲ ಉದಾಹರಣೆ ಹಳೆಯದು. ಕಲ್ಕತ್ತಾದ ಮೊಹಮ್ಮದ್ ಸಲೀಂ 1936ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್ ಕ್ಲಬ್ಬಿಗೆ ಬರಿಗಾಲಲ್ಲಿ ಎರಡು ಪಂದ್ಯ ಆಡಿ ಜನರನ್ನು ಬೆರಗುಗೊಳಿಸಿದರು. ಉಳಿಯಿರೆಂದರೂ ಮನೆಯ ನೆನಪು ತಡೆಯದೆ ಮರಳಿದರು. ಈ ಕಾಲದಲ್ಲಿ ಬೆಂಗಳೂರಿಗೆ ಹತ್ತಿರದ ಉದಾಹರಣೆ ಸುನಿಲ್ ಛೆಟ್ರಿ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಅವರನ್ನು ತೆಗೆದುಕೊಳ್ಳಲು ಒಪ್ಪಿತ್ತು. ಫಿಫಾ ಶ್ರೇಯಾಂಕದಲ್ಲಿ ಭಾರತ ಮೊದಲ 70ರೊಳಗೆ ಇಲ್ಲವೆಂದು ಬ್ರಿಟನ್ ಕೆಲಸದ ಪರವಾನಗಿ ಕೊಡಲಿಲ್ಲ. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಗೆ ಹೋದರು. ಲೀಗಿನ ಒಂದು ಪಂದ್ಯದಲ್ಲೂ ಅವಕಾಶ ಸಿಗಲಿಲ್ಲ. 2012ರಲ್ಲಿ ಪೋರ್ಚುಗಲಿನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೇ ತಂಡ ಸೇರಿದರು. ಬೆರಳೆಣಿಕೆಯ ಪಂದ್ಯ ಆಡಿ ವಾಪಸಾದರು. ಮೂರು ಬಾರಿ ಬಾಗಿಲು ತಟ್ಟಿ ಬಂದ ಆ ಆಟಗಾರ ಅಲ್ಲಿಯವರೆಗೆ ದೇಶದೊಳಗೂ ಮೋಹನ್ ಬಾಗಾನ್, ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, ಚಿರಾಗ್ ಎಂದು ಕ್ಲಬ್ಬಿನಿಂದ ಕ್ಲಬ್ಬಿಗೆ ತಿರುಗಿದವರು.

2013ರಲ್ಲಿ ಜಿಂದಾಲ್ ಸಮೂಹ ಬೆಂಗಳೂರು ಎಫ್‌ಸಿಯನ್ನು ಕಟ್ಟಿದಾಗ ಛೆಟ್ರಿ ಅದರ ನಾಯಕರಾದರು, ತಿರುಗಾಟ ನಿಂತಿತು. ಮೊದಲ ವರ್ಷವೇ, ಹಳೆಯ ರಾಷ್ಟ್ರೀಯ ಲೀಗಿನ ಜಾಗಕ್ಕೆ ಬಂದಿದ್ದ ಐ-ಲೀಗ್ ಪ್ರಶಸ್ತಿ ಬಂತು, 2015-16ರಲ್ಲಿ ಮತ್ತೆ ಬಂತು. 2016ರ ನವೆಂಬರ್‌ನಲ್ಲಿ ದೋಹಾದಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ಆಡಿದ ಮೊದಲ ಭಾರತೀಯ ಕ್ಲಬ್ಬು ಇದಾಯಿತು. 2018-19ರಲ್ಲಿ ಸೂಪರ್ ಲೀಗ್ ಗೆದ್ದಿತು. ಸಿಕಂದರಾಬಾದಿನಲ್ಲಿ ಹುಟ್ಟಿದ, ನೇಪಾಳಿ ಮೂಲದ ಛೆಟ್ರಿಯನ್ನು ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯ ಅಭಿಮಾನಿಗಳು ಬೆಂಗಳೂರಿನವರೆಂದೇ ಎಣಿಸುತ್ತಾರೆ. ಅರವತ್ತು ವರ್ಷಗಳಿಗೂ ಹಿಂದೆ ಈಸ್ಟ್ ಬೆಂಗಾಲಿನ ಜನ ಬೆಂಗಳೂರಿನ ಅಹ್ಮದ್ ಖಾನರಿಗೆ ತೋರಿದ ಪ್ರೀತಿಯನ್ನು ಬೆಂಗಳೂರು ಹೊರಗಿನಿಂದ ಬಂದ ಇನ್ನೊಬ್ಬರಿಗೆ ತೋರಿದೆ. ನಡುವೆ 2015ರಲ್ಲಿ ಸೂಪರ್ ಲೀಗಿನ ಹರಾಜಿನಲ್ಲಿ ಮುಂಬಯಿ ತಂಡ ಅವರನ್ನು 1.20 ಕೋಟಿ ರೂಪಾಯಿಗೆ ಪಡೆಯಿತು. ಆಗ ಬೆಂಗಳೂರಿಗೆ ಆ ಲೀಗಿನಲ್ಲಿ ತಂಡವಿರಲಿಲ್ಲ. ಋತು ಮುಗಿದೊಡನೆ ಅವರು ವಾಪಸು ಬಂದರು. ಹರಾಜಿನಲ್ಲಿ ಆಟಗಾರ ಊರು ಆರಿಸಿಕೊಳ್ಳುವುದಿಲ್ಲ, ಊರು ಅವನನ್ನು ಆರಿಸಿಕೊಳ್ಳುತ್ತದೆ. ಅಲ್ಲಿ ನಿಯತ್ತನ್ನು ಅಳೆಯುವುದು ತಪ್ಪು.

ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು 2014ರಲ್ಲಿ ಈಸ್ಟ್ ಬೆಂಗಾಲ್ ಬಿಟ್ಟು ನಾರ್ವೆಯ ಸ್ಟಾಬೆಕ್ ಸೇರಿ ಮೂರು ವರ್ಷ ಅಲ್ಲಿ ಕಾದರು. 2016ರಲ್ಲಿ ಯುರೋಪಾ ಲೀಗಿನಲ್ಲಿ ಆಡಿದ ಮೊದಲ ಭಾರತೀಯರಾದರು. 2017ರಲ್ಲಿ ಬೆಂಗಳೂರಿಗೆ ಬಂದರು. ರಕ್ಷಣಾ ಆಟಗಾರ ಸಂದೇಶ್ ಝಿಂಗನ್ 2021ರಲ್ಲಿ ಕ್ರೊಯೇಷಿಯಾದ ಶಿಬೆನಿಕ್‌ಗೆ ಹೋಗಿ ಗಾಯದಿಂದ ಒಂದೂ ಪಂದ್ಯವಾಡದೆ ಕೆಲವೇ ತಿಂಗಳಲ್ಲಿ ಮರಳಿದರು. 2022ರಲ್ಲಿ ಬೆಂಗಳೂರು ಎಫ್‌ಸಿ ಸೇರಿ ಡ್ಯುರಾಂಡ್ ಕಪ್ ಗೆದ್ದರು. ಗೆದ್ದು ಬಂದವರು, ಆಡದೆ ಬಂದವರು ಇಬ್ಬರೂ ಹೋದದ್ದು ಒಂದೇ ಕಾರಣಕ್ಕೆ. ಆ ಪ್ರಯತ್ನಕ್ಕೆ ಸಲ್ಲಬೇಕಾದ ಗೌರವ ಫಲಿತಾಂಶ ನೋಡಿ ಕಡಿಮೆಯಾಗಬಾರದು. ಎದುರು ದಿಕ್ಕಿನಿಂದ ಬಂದವರೂ ಇದ್ದಾರೆ. ಆಸ್ಟ್ರೇಲಿಯಾದಲ್ಲಿ ಹುಟ್ಟಿ, ಆ ದೇಶಕ್ಕೆ ಒಂದು ಪಂದ್ಯ ಆಡಿ, 2023ರಲ್ಲಿ ಬೆಂಗಳೂರು ಎಫ್‌ಸಿ ಸೇರಿದ ರಯಾನ್ ವಿಲಿಯಮ್ಸ್ ಅವರ ತಾಯಿಯ ಬೇರು ಮುಂಬಯಿಯದು. ಭಾರತಕ್ಕೆ ಆಡಬೇಕೆಂದು ಅವರು ಆಸ್ಟ್ರೇಲಿಯಾದ ಪೌರತ್ವವನ್ನೇ ಬಿಟ್ಟುಕೊಟ್ಟು 2025ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ರಾಷ್ಟ್ರೀಯ ತಂಡದ ಶಿಬಿರ ಸೇರಿದರು.

ಊರು, ಸಂಸ್ಥೆ ಬಿಟ್ಟು ಹೋಗುವವರು ಆಟಗಾರರು ಮಾತ್ರವಲ್ಲ. ಹಾಸನದಿಂದ ಸಾಲಗಾಮೆಗೆ ಹೋಗುವ ರಸ್ತೆಯಲ್ಲಿ 1960ರಲ್ಲಿ ಶುರುವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿ ಓದಿದವರು ಬೆಂಗಳೂರಿಗೆ, ಅಮೆರಿಕಕ್ಕೆ ಹೋಗುತ್ತಾರೆ. ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೆಚ್ಚಿನ ಸಂಬಳಕ್ಕೆ ಜಿಗಿಯುತ್ತಾರೆ. ಅವರನ್ನು ನಿಯತ್ತಿಲ್ಲದವರೆಂದು ಯಾರೂ ಅನ್ನುವುದಿಲ್ಲ, ಹೆತ್ತವರು ಹೆಮ್ಮೆಪಡುತ್ತಾರೆ. ಫುಟ್‌ಬಾಲ್ ಆಟಗಾರ ಅದನ್ನೇ ಮಾಡಿದರೆ ಜನ ನೊಂದುಕೊಳ್ಳುತ್ತಾರೆ. ಎಂಜಿನಿಯರನ ದುಡಿಮೆಯ ಫಲ ಕಂಪನಿಯ ಲೆಕ್ಕಪುಸ್ತಕಕ್ಕೆ ಸೇರುತ್ತದೆ. ಆಟಗಾರನ ದುಡಿಮೆಯ ಫಲವಾದ ಗೆಲುವು ಸೋಲು ಗ್ಯಾಲರಿಯಲ್ಲಿ ಕೂತವರ ಬದುಕಿಗೆ ಸೇರುತ್ತವೆ. ನಿರಾಶ್ರಿತನಿಗೆ ಈಸ್ಟ್ ಬೆಂಗಾಲ್ ಊರಾದದ್ದು ಹಾಗೆ. ಅಂಗಿಯ ಬಣ್ಣ ತನ್ನದೆಂದು ನಂಬಿದವನ ನೋವು ನಿಜವಾದದ್ದು, ಅದನ್ನು ಹುಚ್ಚು ಅಭಿಮಾನವೆಂದು ತಳ್ಳಿಹಾಕಲಾಗದು. ಆದರೆ ಆಟಗಾರನ ಋಣ ಆ ಜನಕ್ಕೆ. ಮಾಲೀಕರು ಆ ಋಣವನ್ನು ತಮ್ಮ ಖಾತೆಗೆ ಬರೆದುಕೊಂಡು ಕಡಿಮೆ ಸಂಬಳಕ್ಕೆ ಉಳಿಸಿಕೊಳ್ಳಲು ನೋಡುವುದು ನ್ಯಾಯವಲ್ಲ.

ಕಾರ್ಖಾನೆಯ ತಂಡಗಳ ಕಾಲದಲ್ಲಿ ಬೆಂಗಳೂರಿನಲ್ಲಿ ಈ ಲೆಕ್ಕ ಎರಡೂ ಕಡೆ ಸರಿದೂಗುತ್ತಿತ್ತು: ಆಟಗಾರ ಕಾಲು ಕೊಟ್ಟ, ಸಂಸ್ಥೆ ಜೀವನ ಕೊಟ್ಟಿತು. 2011-12ರಲ್ಲಿ ಎಚ್‌ಎಎಲ್ ತಂಡ ಐ-ಲೀಗಿನಿಂದ ಹೊರಬಿದ್ದ ಮೇಲೆ ದೇಶದ ಮೇಲಿನ ಹಂತದಲ್ಲಿ ಬೆಂಗಳೂರಿನ ಆ ಪರಂಪರೆಗೆ ಜಾಗ ಉಳಿಯಲಿಲ್ಲ. ಅದರ ಜಾಗಕ್ಕೆ ಬಂದದ್ದು ಒಪ್ಪಂದದ ಕಾಗದ. ಕಾಗದದಲ್ಲಿ ಋಣವನ್ನು ಬರೆಯಲು ಬರುತ್ತದೆಯೇ ಎಂಬುದಕ್ಕೆ ಫಿಫಾದ ನಿಯಮಗಳು ಸ್ವಲ್ಪಮಟ್ಟಿಗೆ ಉತ್ತರ ಕೊಡುತ್ತವೆ. ಒಪ್ಪಂದವಿರುವ ಆಟಗಾರ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹಣಕ್ಕೆ ವರ್ಗವಾದಾಗ, ಆ ಹಣದಲ್ಲಿ ಶೇ 5ರಷ್ಟು ಭಾಗ ಅವನು 12ರಿಂದ 23ನೇ ವಯಸ್ಸಿನವರೆಗೆ ಆಡಿ ಬೆಳೆದ ಕ್ಲಬ್ಬುಗಳಿಗೆ ಹಂಚಿಹೋಗಬೇಕು. ಗಲ್ಲಿಯ ಪುಟ್ಟ ಕ್ಲಬ್ಬಿಗೂ ಅದರಲ್ಲಿ ಪಾಲಿದೆ, ಹುಡುಗನ ಹೆಸರನ್ನು ಕ್ರಮವಾಗಿ ನೋಂದಾಯಿಸಿದ್ದರೆ. ಗೌತಮಪುರದಂಥ ಕಡೆ ಚೆಂಡು, ಬೂಟು ಕೊಂಡುಕೊಟ್ಟು ಮಕ್ಕಳನ್ನು ಬೆಳೆಸುವವರು ಈ ನೋಂದಣಿಯನ್ನು ಚೊಕ್ಕವಾಗಿ ಇಟ್ಟುಕೊಳ್ಳುವುದು ಬಹಳ ಮುಖ್ಯ.

ಋಣದ ಇನ್ನೊಂದು ಕಡೆ 2025ರಲ್ಲಿ ಕಣ್ಣಿಗೆ ಬಿತ್ತು. ಸೂಪರ್ ಲೀಗ್ ನಡೆಸುವ ಕಂಪನಿಗೂ ರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟಕ್ಕೂ ಇದ್ದ ಕರಾರು ಮುಂದುವರಿಯದೆ ಆ ಜುಲೈನಲ್ಲಿ ಲೀಗನ್ನೇ ತಡೆಹಿಡಿಯಲಾಯಿತು. ಆಗಸ್ಟ್ ಮೊದಲ ವಾರ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಹನ್ನೆರಡು ವರ್ಷ ಒಂದೇ ಕ್ಲಬ್ಬಿನಲ್ಲಿದ್ದು, ಹಿಂದಿನ ಋತುವಿನಲ್ಲಷ್ಟೇ 14 ಗೋಲು ಹೊಡೆದಿದ್ದ, 41 ತುಂಬಿದ ಛೆಟ್ರಿಯೂ ಆ ತಂಡದಲ್ಲಿದ್ದರು. ಇಂಥ ಸಂದರ್ಭಕ್ಕೆಂದೇ ಫಿಫಾದ ವರ್ಗಾವಣೆ ನಿಯಮಾವಳಿಯಲ್ಲಿ 2018ರಿಂದ ಒಂದು ಕಲಮು ಸೇರಿದೆ. ಅದರಂತೆ ಕ್ಲಬ್ಬು ನ್ಯಾಯವಾದ ಕಾರಣವಿಲ್ಲದೆ ಎರಡು ತಿಂಗಳ ಸಂಬಳ ಬಾಕಿ ಉಳಿಸಿಕೊಂಡರೆ, ಆಟಗಾರ ಲಿಖಿತ ನೋಟಿಸು ಕೊಟ್ಟು 15 ದಿನ ಕಾದು, ಆಗಲೂ ಹಣ ಬಾರದಿದ್ದರೆ ಒಪ್ಪಂದ ಮುರಿದು ಬೇರೆ ಕ್ಲಬ್ಬಿಗೆ ಹೋಗಬಹುದು.